ಸಿದ್ದಕ್ಕ ಕೂರಿಸಿದ ಡಿಸ್ಕು

ಮಗ ತಿಮ್ಮೇಶ ನಡೆಯುವಾಗ ಬೀಳುತ್ತಿದ್ದುದಕ್ಕೆ ಸಿದ್ದಕ್ಕ ಅವನಿಗೆ ಎರಡು ಸಲ ಹೊಡೆದಿದ್ದಳು. ಆಗ ಅವನಿಗೆ ಆರೋ ಏಳೋ ವರ್ಷ. ಕುರಿಗಳ ಹಿಂದೆ ಗುಡ್ಡ ಹತ್ತುವಾಗ ಕಲ್ಲಿಲ್ಲದ ಕಡೆಯೂ ಮುಗ್ಗರಿಸುತ್ತಿದ್ದ. ಕೂತವನು ಏಳಬೇಕಾದರೆ ಮೊಣಕಾಲಿನ ಮೇಲೆ ಕೈಯೂರಿ, ತೊಡೆಯ ಮೇಲೆ ಕೈಯೂರಿ, ಮುದುಕರ ಹಾಗೆ ತನ್ನ ಮೈಯನ್ನು ತಾನೇ ಹತ್ತಿಕೊಂಡು ಏಳುತ್ತಿದ್ದ. ಹುಡುಗನಿಗೆ ಮೈಗಳ್ಳತನ ಎಂದು ಅವಳು ತಿಳಿದಳು. ಅವಳ ಕಡೆಯವರಲ್ಲಿ ಮೈಗಳ್ಳರಿರಲಿಲ್ಲ. ಹೊಸದುರ್ಗ ತಾಲ್ಲೂಕಿನ ಬಾಗೂರಿನಿಂದ ಮದುವೆಯಾಗಿ ಜವನಗೊಂಡನಹಳ್ಳಿಗೆ ಬಂದ ವಾರದಲ್ಲೇ ಗಂಡ ಮಾರಣ್ಣನ ಮಂದೆಯ ಹಿಂದೆ ಹೊರಟವಳು ಅವಳು. ಮಗಳು ಕಾವ್ಯಶ್ರೀಯನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಳು. ಆಮೇಲೆ ಮಗಳು ನಡೆದಳು, ತಿಮ್ಮೇಶ ಬೆನ್ನಿಗೆ ಬಂದ.

ಚಿತ್ರದುರ್ಗದ ಡಾಕ್ಟರು ಹುಡುಗನ ಕಾಲಿನ ಮೀನಖಂಡ ಒತ್ತಿ ನೋಡಿ, ಏನೂ ಹೇಳದೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಯವರು ಬಿಡಿಸಿ ಹೇಳಿದರು. ಇದು ಮಾಂಸಖಂಡಗಳ ಕಾಯಿಲೆ, ಹುಟ್ಟಿನಿಂದಲೇ ಬಂದದ್ದು. ಮೊದಲು ಕಾಲು ಸೋಲುತ್ತವೆ, ಆಮೇಲೆ ಕೈ, ಕೊನೆಗೆ ಎದೆ. ಇದಕ್ಕೆ ಔಷಧಿ ಇಲ್ಲ. ಸಿದ್ದಕ್ಕ ಒಂದೇ ಪ್ರಶ್ನೆ ಕೇಳಿದಳು, ತಲೆಗೆ ಏನಾಗುತ್ತದೆ ಎಂದು. ತಲೆಗೆ ಏನೂ ಆಗುವುದಿಲ್ಲ, ಬುದ್ಧಿ ಚೆನ್ನಾಗಿಯೇ ಇರುತ್ತದೆ ಎಂದರು. ವಾಪಸು ಬರುವ ಬಸ್ಸಿನಲ್ಲಿ, ಹುಡುಗ ನಿದ್ದೆ ಹೋದ ಮೇಲೆ, ಅವಳು ಗಂಡನಿಗೆ ಹೇಳಿದಳು:

"ತಲೆಗೆ ಏನೂ ಆಗಲ್ವಂತೆ. ಅದೇ ಕಷ್ಟ."

ಅವಳು ಅತ್ತದ್ದನ್ನು ಕೇರಿಯವರು ನೋಡಲಿಲ್ಲ. ಅಳುವುದು ಕೆಲಸವಿಲ್ಲದವರ ಕೆಲಸ ಎಂಬುದು ಅವಳ ಎಣಿಕೆ. ಮಂದೆಯನ್ನು ಮಾರಣ್ಣನಿಗೂ ಅವನ ತಮ್ಮನಿಗೂ ಬಿಟ್ಟು ಊರಲ್ಲಿ ನಿಂತಳು. ಏಳನೇ ಕ್ಲಾಸಿನವರೆಗೆ ಮಗನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟಳು, ಆಮೇಲೆ ಗಾಲಿ ಕುರ್ಚಿಯಲ್ಲಿ ತಳ್ಳಿದಳು. ಉಳಿದ ಹೊತ್ತಿನಲ್ಲಿ ಉಣ್ಣೆ ನೂತಳು, ಕೂಲಿಗೆ ಹೋದಳು. ಗುಡ್ಡಕ್ಕೆ ಮತ್ತೆ ಹೋಗಲಿಲ್ಲ.

ಕಂಪ್ಯೂಟರು ಮನೆಗೆ ಬಂದದ್ದು ತಿಮ್ಮೇಶ ಪಿಯುಸಿ ಮುಗಿಸಿದ ವರ್ಷ. ಅವನ ಜೊತೆ ಓದಿದ ರಂಗೇಶ ಹಿರಿಯೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಯಾರೋ ಬಿಟ್ಟುಹೋದ ಡಬ್ಬ, ಇನ್ಯಾರೋ ಮಾರಿದ ಗ್ರಾಫಿಕ್ಸ್ ಕಾರ್ಡು, ಹಳೆಯ ಹಾರ್ಡ್ ಡಿಸ್ಕು, ಹೀಗೆ ಒಂದೊಂದೇ ಭಾಗವನ್ನು ಬೈಕಿನಲ್ಲಿ ತಂದು ಹಾಕಿದ. ಜೋಡಿಸಿದ್ದು ಮಾತ್ರ ತಿಮ್ಮೇಶನೇ. ಆಗ ಅವನ ಬೆರಳಲ್ಲಿ ಇನ್ನೂ ಶಕ್ತಿ ಇತ್ತು. ಊಟದ ಮಣೆಯ ಮೇಲೆ ಭಾಗಗಳನ್ನು ಹರಡಿಕೊಂಡು, ಫೋನಿನಲ್ಲಿ ನೋಡಿಕೊಂಡು, ವಾರಗಟ್ಟಲೆ ಜೋಡಿಸಿದ. ಮೊದಲ ಸಲ ಫ್ಯಾನು ತಿರುಗಿ ಕೆಂಪು ನೀಲಿ ದೀಪ ಹತ್ತಿದಾಗ ಸಿದ್ದಕ್ಕ ಬಾಗಿಲಲ್ಲಿ ನಿಂತು, "ಗಣಪತಿ ಕೂರ್ಸಿದಂಗೆ ಐತಲ್ಲೋ," ಎಂದಳು.

ಮೊದಮೊದಲು ಅವನು ಆಡುತ್ತಿದ್ದದ್ದು ಬಂದೂಕಿನ ಆಟ. ಎಲ್ಲೆಲ್ಲಿಯದೋ ಹುಡುಗರ ಜೊತೆ ಗುಂಪು ಕಟ್ಟಿಕೊಂಡು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂಗಾಡುತ್ತಿದ್ದ. ಅವನು ಹೇಗಿದ್ದಾನೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬರಬರುತ್ತ ಅವನ ಕೈ ನಿಧಾನವಾಯಿತು. ಒಂದು ದಿನ ಒಬ್ಬ, "ಲೇ, ಕೈ ಇಲ್ವೇನೋ ನಿಂಗೆ?" ಎಂದು ಬೈದ. ತಿಮ್ಮೇಶ, "ಐತೆ, ಸ್ವಲ್ಪ ಐತೆ," ಎಂದು ಹೇಳಿ ಆ ಗುಂಪನ್ನು ಬಿಟ್ಟ.

ಆಮೇಲೆ ಹಿಡಿದದ್ದು ಕಟ್ಟುವ ಆಟ. ಅದರಲ್ಲಿ ಶತ್ರುಗಳಿಲ್ಲ, ಅವಸರವಿಲ್ಲ. ಮಣ್ಣು, ಕಲ್ಲು, ಮರ, ಎಲ್ಲವೂ ಚೌಕ ಚೌಕದ ಇಟ್ಟಿಗೆ. ಒಂದರ ಮೇಲೊಂದು ಇಡುತ್ತ ಏನು ಬೇಕಾದರೂ ಕಟ್ಟಬಹುದು. ಒಂದು ಮಧ್ಯಾಹ್ನ ಸಿದ್ದಕ್ಕ ಅಂಬಲಿ ತಂದವಳು ಪರದೆ ನೋಡಿದಳು.

"ಇದೇನೋ ಇದು, ಕುಳ್ಳು ಒಟ್ಟಿದಂಗೆ?"

"ಕರೇಕಲ್ಲು ಗುಡ್ಡ ಕಣವ್ವ."

ಅವಳು ನಕ್ಕಳು. ಅವನು ಮೌಸ್ ತಿರುಗಿಸಿ ಗುಡ್ಡದ ಬೆನ್ನ ಕಡೆಯಿಂದ ತೋರಿಸಿದ. ಇಳಿಜಾರು, ನಡುವೆ ಬೋಳು ಬಂಡೆ, ಅದರ ಕೆಳಗೆ ಬಂದರೆಗಿಡಗಳ ಸಾಲು. ಒಂಬತ್ತನೇ ವಯಸ್ಸಿನವರೆಗೆ ಅವನು ಬಿದ್ದೂ ಎದ್ದೂ ನಡೆದ ದಾರಿ. ಅವಳ ನಗು ನಿಂತಿತು. ಅಂಬಲಿಯ ಲೋಟ ಕೈಯಲ್ಲೇ ಇಟ್ಟುಕೊಂಡು ತುಸು ಹೊತ್ತು ನೋಡಿದಳು.

"ಹಳ್ಳ ಇತ್ಲಾಗೆ ಬರ್ಬೇಕು," ಎಂದಳು.

"ಇಲ್ಲ, ಅತ್ಲಾಗೆ."

"ನೀರು ಹೊತ್ತೋಳು ನಾನಾ, ನೀನಾ?"

ಅಂದಿನಿಂದ ತಾಯಿ ಮಗನಿಗೆ ಅದೇ ಜಗಳ. ಬೆಳಿಗ್ಗೆ ಮೈ ತೊಳೆಸಿ ಕುರ್ಚಿಗೆ ಕೂರಿಸಿದರೆ ಶುರು. ಕುರಿ ಕೂಡುವ ರೊಪ್ಪದ ಗೋಡೆ ಎಷ್ಟೆತ್ತರ, ಬಾವಿಗೆ ಮೆಟ್ಟಿಲು ಎಷ್ಟು, ಕಾರೆಗಿಡದ ಪೊದೆ ದಾರಿಯ ಎಡಕ್ಕೋ ಬಲಕ್ಕೋ. ಅವನು ಕಟ್ಟುತ್ತಿದ್ದ, ಅವಳು ತಪ್ಪು ಹುಡುಕುತ್ತಿದ್ದಳು, ಅವನು ಕೆಡವುತ್ತಿದ್ದ. ಕೆಲವೊಮ್ಮೆ ಅವಳೇ ಸೋಲುತ್ತಿದ್ದಳು. ಗುಡ್ಡದ ನೆತ್ತಿಯ ಮೇಲೆ ಎರಡು ಗುಂಡುಗಲ್ಲು ಎಂದು ಅವನು ಹಟ ಹಿಡಿದ. ಅವಳು ಒಂದೇ ಎಂದಳು. ಕುರಿ ಮೇಯಿಸುತ್ತಿದ್ದ ಮಾರಣ್ಣನಿಗೆ ಫೋನ್ ಹೋಯಿತು. ಎರಡು ಎಂದು ಬಂತು. ಅವಳು ಸೋತ ಸಿಟ್ಟಿಗೆ ಪಾತ್ರೆ ಕುಕ್ಕಿದಳು.

ಮಾರಣ್ಣ ಒಮ್ಮೆ ಊರಿಗೆ ಬಂದಾಗ ಇದನ್ನೆಲ್ಲ ನೋಡಿದ. ಆಟದೊಳಗಿನ ಚೌಕದ ಕುರಿಗಳನ್ನು ನೋಡಿ, "ಇವು ಮರಿ ಹಾಕ್ತಾವೇನಪ್ಪ?" ಎಂದು ಕೇಳಿದ. ಹಾಕುತ್ತವೆ ಎಂದ ತಿಮ್ಮೇಶ. "ರೋಗ?" ಬರುವುದಿಲ್ಲ ಎಂದ. "ಹಂಗಾದ್ರೆ ನಮ್ಮವನ್ನೂ ಇದರಾಗೇ ಬಿಟ್ಬಿಡು," ಎಂದು ಮಾರಣ್ಣ ಬೀಡಿ ಹಚ್ಚಲು ಹೊರಗೆ ಹೋದ.

ಗುಡ್ಡ ಬೆಳೆದಂತೆ ಯಂತ್ರಕ್ಕೆ ಅದು ಭಾರವಾಯಿತು. ಹಳೆಯ ಹಾರ್ಡ್ ಡಿಸ್ಕು ಒಳಗೆ ಟಕ್ ಟಕ್ ಎನ್ನುತ್ತ ಹುಡುಕಾಡುತ್ತಿತ್ತು. ಆಟ ತೆರೆಯುವಷ್ಟರಲ್ಲಿ ಸಿದ್ದಕ್ಕ ಹಟ್ಟಿ ಗುಡಿಸಿ ಬರುತ್ತಿದ್ದಳು. ತೆರೆದ ಮೇಲೂ ಅಷ್ಟೆ. ಈ ಕಡೆಯಿಂದ ಆ ಕಡೆಗೆ ತಿರುಗಿದರೆ ಗುಡ್ಡ ಒಮ್ಮೆಗೇ ಕಾಣದೆ, ತುಂಡು ತುಂಡಾಗಿ ಬಂದು ನಿಲ್ಲುತ್ತಿತ್ತು. ಬೇರೆಯವರಿಗಾದರೆ ಇದು ಬೇಸರದ ವಿಷಯ, ಅಷ್ಟೆ. ತಿಮ್ಮೇಶನಿಗೆ ಹಾಗಲ್ಲ. ಅವನ ತೋಳನ್ನು ತಾಯಿ ಎತ್ತಿ ಮೇಜಿನ ಮೇಲಿಡಬೇಕು. ಇಟ್ಟ ಮೇಲೆ ಬೆರಳು ಆಡುವುದು ಸ್ವಲ್ಪ ಹೊತ್ತು. ಆ ಹೊತ್ತೆಲ್ಲ ಕಾಯುವುದರಲ್ಲೇ ಹೋಗುತ್ತಿತ್ತು. ಗುಡ್ಡ ಪೂರ್ತಿ ಕಣ್ಣಿಗೆ ಬರುವಷ್ಟರಲ್ಲಿ ಕೈ ಮುಗಿದಿರುತ್ತಿತ್ತು.

ವರ್ಷದಿಂದ ವರ್ಷಕ್ಕೆ ಆ ಹೊತ್ತು ಕಿರಿದಾಗುತ್ತಿರುವುದು ಇಬ್ಬರಿಗೂ ಗೊತ್ತಿತ್ತು. ಗುಡ್ಡದ ಪಡುವಣ ಮಗ್ಗುಲು, ಬಾವಿಯಿಂದ ಹಟ್ಟಿಗೆ ಬರುವ ದಾರಿ ಇನ್ನೂ ಬಾಕಿ. ಕೈ ಹೋಗುವುದರೊಳಗೆ ಅದು ಮುಗಿಯಬೇಕು. ಅವನು ಬಾಯಿಬಿಟ್ಟು ಹೀಗೆ ಹೇಳಲಿಲ್ಲ. "ಎಸ್‌ಎಸ್‌ಡಿ ಹಾಕಿದ್ರೆ ತಟ್ಟಂತ ಬರುತ್ತವ್ವ," ಎಂದ, ಅಷ್ಟೆ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಸದ್ದಿಲ್ಲ, ಹುಡುಕಾಟವಿಲ್ಲ ಎಂದು ವಿವರಿಸಿದ. ಸಿದ್ದಕ್ಕ ಮರುವಾರ ಒಂದು ಟಗರು ಮಾರಿಸಿದಳು. ಚಿತ್ರದುರ್ಗದ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಕಾವ್ಯಶ್ರೀ ಫೋನಿನಲ್ಲೇ ಡಿಸ್ಕು ತರಿಸಿದಳು.

ಅದು ಬಂದದ್ದು ಮಾಗಿಯಲ್ಲಿ. ಮೂಡಣ ಗಾಳಿಗೆ ತುಟಿ ಒಣಗಿ ಒಡೆಯುತ್ತಿದ್ದ ದಿನಗಳು. ಕೊರಿಯರಿನವನು ಕೊಟ್ಟುಹೋದಾಗ ತಿಮ್ಮೇಶ ಒಳಗೆ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ನಿದ್ದೆಯಲ್ಲಿದ್ದ. ಸಿದ್ದಕ್ಕ ಕುಡುಗೋಲಿನ ತುದಿಯಿಂದ ಪೆಟ್ಟಿಗೆ ಸೀಳಿದಳು. ಒಳಗೆ ಎರಡು ಬೆರಳಗಲದ ಒಂದು ಪಟ್ಟಿ. ಟಗರಿನ ಕಿವಿಯಷ್ಟೂ ಇಲ್ಲವಲ್ಲ ಎಂದುಕೊಂಡಳು.

ಆ ಮನೆಯಲ್ಲಿ ಹೊಸದು ಏನು ಬಂದರೂ ಬರಿನೆಲದ ಮೇಲೆ ಇಡುವಂತಿಲ್ಲ. ಕರಿಕಂಬಳಿಯನ್ನು ಮಡಿಸಿ ಗದ್ದಿಗೆ ಹಾಸಬೇಕು, ಅದರ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚಿ ಬೀರಪ್ಪನನ್ನು ನೆನೆಯಬೇಕು, ಆಮೇಲೆ ಬಳಕೆಗೆ ತೆಗೆಯಬೇಕು. ಉಣ್ಣೆ ಕತ್ತರಿಸುವ ಕತ್ತರಿಗೂ ಇದೇ, ಮಿಕ್ಸಿಗೂ ಇದೇ, ಮನೆಗೆ ಬರುವ ಸೊಸೆಗೂ ಇದೇ. ಕಂಪ್ಯೂಟರಿನ ಭಾಗಗಳು ಬಂದಾಗಲೂ ಹೀಗೇ ಮಾಡಿದ್ದಳು. ಅವನ್ನೆಲ್ಲ ರಂಗೇಶ ತಂದ ಚೀಲದಲ್ಲೇ ಇಟ್ಟಿದ್ದಳು, ಏನೂ ಆಗಿರಲಿಲ್ಲ. ಇದನ್ನು ನಡೆಸಿಕೊಂಡು ಬಂದವಳು ಅವಳ ಅತ್ತೆ ಗಿರಿಯಮ್ಮ. ಮಾಗಿಯ ಒಣ ಚಳಿಯಲ್ಲಿ ಕಂಬಳಿ ಕೊಡವಿದರೆ ಚಟಪಟ ಸದ್ದಾಗುತ್ತದೆ, ಕತ್ತಲಿದ್ದರೆ ನೀಲಿ ಕಿಡಿಯೂ ಕಾಣುತ್ತದೆ. ಗಿರಿಯಮ್ಮ ಅದನ್ನು ಕಂಬಳಿಯ ಜೀವ ಎನ್ನುತ್ತಿದ್ದಳು. ಜೀವವಿಲ್ಲದ ಕಂಬಳಿ ಗದ್ದಿಗೆಗೆ ಬರುವುದಿಲ್ಲ ಎಂಬುದು ಅವಳ ಮಾತು.

ಸಿದ್ದಕ್ಕ ಕಂಬಳಿಯನ್ನು ಚೆನ್ನಾಗಿ ಕೊಡವಿದಳು. ಚಟಪಟ ಎಂದಿತು. ಸಮಾಧಾನವಾಯಿತು. ಮಡಿಸಿ ಹಾಸಿ, ಪಟ್ಟಿಯನ್ನು ಪ್ಲಾಸ್ಟಿಕ್ ಗೂಡಿನಿಂದ ಬಿಡಿಸಿ ಬರಿಗೈಯಲ್ಲಿ ಹಿಡಿದು, ಧೂಳಿರಬಹುದೆಂದು ಕಂಬಳಿಯ ಅಂಚಿನಿಂದಲೇ ಒರಸಿ ಮೇಲಿಟ್ಟಳು. ಊದುಬತ್ತಿಯ ವಾಸನೆಗೆ ತಿಮ್ಮೇಶನಿಗೆ ಎಚ್ಚರವಾಯಿತು. ತಾನಾಗಿ ಹೊರಳಲಾರ. ಕತ್ತನ್ನಷ್ಟೇ ತಿರುಗಿಸಿದ.

"ಅವ್ವ! ಏನ್ ಮಾಡ್ತಿದೀಯ?"

"ಕಣ್ಣಿಲ್ವಾ? ಗದ್ದಿಗೆ."

"ಅದನ್ನ ಕಂಬಳಿ ಮ್ಯಾಲೆ ಇಡಬಾರ್ದು ಕಣೆ! ಉಣ್ಣೆಯಾಗೆ ಕರೆಂಟ್ ಇರುತ್ತೆ, ಸುಟ್ಟೋಗುತ್ತೆ! ತಗಿ, ತಗಿ!"

"ಕಿರುಚ್ಬ್ಯಾಡ. ನೀನು ಹುಟ್ಟಿದಾಗ್ಲೂ ಇದೇ ಕಂಬಳಿ ಮ್ಯಾಲೇ ಹಾಕಿದ್ದು. ನಿನಗೇನಾಯ್ತು?"

ಮಾತು ಬಾಯಿಂದ ಹೊರಟ ಮೇಲೆ ಅದು ಅವಳಿಗೇ ಕೇಳಿಸಿತು. ತಿಮ್ಮೇಶ ಒಂದು ಗಳಿಗೆ ತಾಯಿಯ ಮುಖ ನೋಡಿದ. ಆಮೇಲೆ ನಗತೊಡಗಿದ.

"ಅದನ್ನೇ ಕಣವ್ವ ನಾನೂ ಕೇಳ್ಬೇಕು ಅಂತಿದ್ದಿದ್ದು."

ಅವನು ನಕ್ಕು ನಕ್ಕು ಕೆಮ್ಮಿದ. ಅವಳು ನಗಲಿಲ್ಲ. ಪಟ್ಟಿಯನ್ನು ಕಂಬಳಿಯ ಮೇಲಿಂದ ತೆಗೆದು ಮಣೆಯ ಮೇಲಿಟ್ಟಳು.

ರಂಗೇಶ ಭಾನುವಾರ ಬಂದು ಹಾಕಿಕೊಡುತ್ತೇನೆ ಎಂದಿದ್ದ. ತಿಮ್ಮೇಶನಿಗೆ ಅಲ್ಲಿಯವರೆಗೆ ತಾಳ್ಮೆ ಇರಲಿಲ್ಲ. ಅವನ ಬೆರಳಿಗಂತೂ ತಿರುಪು ಹಿಡಿಯುವ ಶಕ್ತಿ ಉಳಿದಿರಲಿಲ್ಲ. "ಮರಿ ಅಡ್ಡ ಬಂದ್ರೆ ಕೈ ಹಾಕಿ ತಿರುವಿ ತೆಗೆದೋಳು ನಾನು, ಇದೊಂದು ಪಟ್ಟಿ ಕೂರ್ಸಕ್ಕಾಗಲ್ವಾ?" ಎಂದು ಸಿದ್ದಕ್ಕ ಸೆರಗು ಸಿಕ್ಕಿಸಿದಳು. ಅವನನ್ನು ಕುರ್ಚಿಗೆ ಕೂರಿಸಿ, ಡಬ್ಬವನ್ನು ಅವನ ಮುಂದೆ ಮಲಗಿಸಿ ಪಕ್ಕದ ತಗಡು ಬಿಚ್ಚಿದಳು.

"ಮೊದ್ಲು ಆ ಡಬ್ಬದ ತಗಡು ಮುಟ್ಟು. ಮೈಯಾಗಿನ ಕರೆಂಟ್ ಇಳೀಲಿ."

"ನನ್ ಮೈಯಾಗೆ ಕರೆಂಟ್ ಇದ್ದಿದ್ರೆ ಇಷ್ಟೊತ್ತಿಗೆ ಮೀಟರ್ ತಂದು ಹಾಕ್ತಿದ್ರು."

"ಮುಟ್ಟವ್ವ ಸುಮ್ಕೆ."

ಮುಟ್ಟಿದಳು. ಅವನು ಹೇಳಿದಂತೆ ಪಟ್ಟಿಯ ತುದಿಯನ್ನು ಸಂದಿಗೆ ಓರೆಯಾಗಿ ತೂರಿಸಿದಳು. ಕೈ ಬಿಟ್ಟರೆ ಇನ್ನೊಂದು ತುದಿ ಮೇಲೆದ್ದು ನಿಲ್ಲುತ್ತಿತ್ತು. ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸಾಸಿವೆಯಷ್ಟು ಸಣ್ಣ ತಿರುಪನ್ನು ಕೂರಿಸಬೇಕು. ತಿರುಪು ಎರಡು ಸಲ ಡಬ್ಬದೊಳಗೆ ಬಿತ್ತು. ಎರಡು ಸಲವೂ ಅವಳು ಅದರ ಹಿರೀಕರನ್ನೆಲ್ಲ ಬೈದು ಹೆಕ್ಕಿ ತೆಗೆದಳು. ಮೂರನೆಯದಕ್ಕೆ ಕೂತಿತು. ತಗಡು ಮುಚ್ಚಿ ಬಟನ್ ಒತ್ತಿದರು. ಹೊಸ ಡಿಸ್ಕು ಪರದೆಯ ಮೇಲೆ ಕಾಣಿಸಿಕೊಂಡಿತು.

"ನೋಡು, ಸುಟ್ಟೋಗ್ತಂತಾ?" ಎಂದಳು ಸಿದ್ದಕ್ಕ. ತಿಮ್ಮೇಶ ಸೋತೆನೆಂದು ಒಪ್ಪಿಕೊಂಡ.

ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ಇಳಿಯಿತು. ಮರುದಿನ ಆಟ ತೆರೆದಾಗ ಗುಡ್ಡ ಕಣ್ಣೆವೆ ಮುಚ್ಚಿ ತೆಗೆಯುವಷ್ಟರಲ್ಲಿ ಪೂರ್ತಿ ನಿಂತಿತ್ತು. ಅವನು ಬೇಕೆಂದೇ ಸುತ್ತ ತಿರುಗಿಸಿದ. ಯಾವ ಕಡೆಯೂ ತುಂಡಾಗಲಿಲ್ಲ. ಸದ್ದೂ ಇಲ್ಲ. ಭಾನುವಾರ ರಂಗೇಶ ಬಂದಾಗ ತಿಮ್ಮೇಶ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸಿ ಅವನಿಗೆ ಕೊಟ್ಟುಬಿಟ್ಟ. ಒಂದು ಕಾಪಿ ಬೇರೆ ಕಡೆ ಇಟ್ಟುಕೋ ಎಂದು ರಂಗೇಶ ಹೇಳಿದ. ಇಟ್ಟುಕೊಳ್ಳೋಣ ಎಂದ ತಿಮ್ಮೇಶ. ಕೈ ಆಡುವ ಹೊತ್ತನ್ನು ಅಂಥ ಕೆಲಸಕ್ಕೆ ಖರ್ಚು ಮಾಡಲು ಅವನಿಗೆ ಮನಸ್ಸಿರಲಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಆ ಬೇಸಿಗೆ ಗುಡ್ಡದ ಪಡುವಣ ಮಗ್ಗುಲು ಎದ್ದಿತು. ಬಾವಿಯಿಂದ ಹಟ್ಟಿಯ ದಾರಿ ಅರ್ಧ ಬಂತು. ಸಿದ್ದಕ್ಕ ಒಮ್ಮೆ, ನಿನ್ನ ಕೈ ಸೋತಾಗ ನಾನು ಇಲಿ ಹಿಡಿಯಲೇ ಎಂದು ಮೌಸಿನ ಕಡೆ ಕೈ ತಂದಳು. "ಕಟ್ಟೋದು ನಂದು, ಬೈಯೋದು ನಿಂದು," ಎಂದು ಅವನು ಬಿಡಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ಒಂದು ಬೆಳಿಗ್ಗೆ ಯಂತ್ರ ಎದ್ದಿತು, ದೀಪ ಹತ್ತಿತು, ಫ್ಯಾನು ತಿರುಗಿತು. ಪರದೆಯ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಸಾಲು ಬಂದು ನಿಂತಿತು. ಡಿಸ್ಕು ಇಲ್ಲ ಎಂದು ಅದರ ಅರ್ಥ.

ತಿಮ್ಮೇಶ ತಾಯಿಯಿಂದ ಪಟ್ಟಿ ಬಿಚ್ಚಿಸಿದ, ಮತ್ತೆ ಹಾಕಿಸಿದ, ಮತ್ತೆ ಬಿಚ್ಚಿಸಿದ. ಸಂಜೆಗೆ ರಂಗೇಶ ಬಂದ. ಬೇರೆ ಯಂತ್ರಕ್ಕೆ ಹಾಕಿ ನೋಡಿದ, ಅಲ್ಲೂ ಕಾಣಲಿಲ್ಲ. ಚಿತ್ರದುರ್ಗದಲ್ಲಿ ಇಂಥದ್ದನ್ನು ನೋಡುವವರ ಹತ್ತಿರ ತೆಗೆದುಕೊಂಡು ಹೋದ. ಎರಡು ದಿನ ಬಿಟ್ಟು ಬಂದವನು ಬಾಗಿಲಲ್ಲೇ ಚಪ್ಪಲಿ ಬಿಡುತ್ತ ತುಂಬ ಹೊತ್ತು ಮಾಡಿದ.

"ಬಾರೋ ಒಳಕ್ಕೆ. ಚಪ್ಪಲಿ ಹೊಲೀತಿದೀಯಾ?" ಎಂದಳು ಸಿದ್ದಕ್ಕ.

"ಹೋಯ್ತಂತೆ ಸಿದ್ದಕ್ಕ. ಒಳಗಿನ ಚಿಪ್ಪೇ ಹೋಗೈತಂತೆ. ಹಳೇ ಥರದ ಡಿಸ್ಕ್ ಆಗಿದ್ರೆ ಬಿಚ್ಚಿ ಏನಾದ್ರೂ ತೆಗೀಬೋದಿತ್ತು. ಇದರಾಗೆ ಆಗಲ್ವಂತೆ."

"ಹಳೇದು ನಿನ್ನತ್ರಾನೇ ಐತಲ್ಲ?"

"ಅದನ್ನ ಒಂದು ಅಂಗಡಿ ಬಿಲ್ಲಿಂಗ್ ಕಂಪ್ಯೂಟರಿಗೆ ಹಾಕ್ಬಿಟ್ಟೆ. ನಿನ್ನೆ ಹೋಗಿ ಹುಡುಕ್ದೆ. ಅಳ್ಸಿದ್ರ ಮ್ಯಾಲೆ ಅವರ ಬಿಲ್ಲು ಬರ್ಕಂಡು ಕುಂತೈತೆ. ಒಂದು ಚೂರೂ ಸಿಗ್ಲಿಲ್ಲ."

ತಿಮ್ಮೇಶ ಕೇಳಿಸಿಕೊಂಡ. ಅವನ ಕೈ ಮೇಜಿನ ಮೇಲೆ ಸಿದ್ದಕ್ಕ ಬೆಳಿಗ್ಗೆ ಇಟ್ಟಲ್ಲೇ ಇತ್ತು.

"ಯಾಕೆ ಹೋಯ್ತಂತೆ?" ಎಂದು ಸಿದ್ದಕ್ಕ ಕೇಳಿದಳು. ರಂಗೇಶ ತಿಮ್ಮೇಶನ ಕಡೆ ನೋಡಿದ.

"ಅವನನ್ನ ಏನ್ ನೋಡ್ತೀಯ? ಕೇಳ್ತಿರೋದು ನಾನು."

"ಹಾಕೋವಾಗ ಶಾಕ್ ಏನಾದ್ರೂ ತಾಗಿತ್ತಾ ಅಂದ್ರು. ಹಂಗೆ ತಾಗಿದ್ರೆ ಒಂದೊಂದು ಸಲ ಆಗ್ಲೇ ಸಾಯಲ್ವಂತೆ. ಒಳಗೊಳಗೇ ಕೆಟ್ಟು ತಿಂಗಳುಗಟ್ಟಲೆ ಆದ್ಮ್ಯಾಲೆ ಹೋಗ್ತವಂತೆ. ಮಾಲೇ ಸರಿ ಇಲ್ದಿದ್ರೂ ಹಿಂಗಾಗುತ್ತಂತೆ. ಇಂಥದ್ದೇ ಅಂತ ಹೇಳಕ್ಕಾಗಲ್ಲ."

"ಮಾಲೇ ಸರಿ ಇರ್ಲಿಲ್ಲ," ಎಂದ ತಿಮ್ಮೇಶ. "ಇವ್ರ ಹೆಸ್ರಿನ ಡಿಸ್ಕೇ ಹಂಗಂತೆ. ನಾನು ಓದಿದೀನಿ."

"ಯಾವಾಗ ಓದ್ದೆ?"

"ಓದಿದೀನಿ ಬಿಡವ್ವ."

"ಬೈಯೋದಿದ್ರೆ ಬೈಯ್ಯಿ," ಎಂದಳು ಸಿದ್ದಕ್ಕ. "ಬೇಡ ಬೇಡ ಅಂದೆ ನೀನು. ನನಗೆ ಕೇಳಿಸ್ಲಿಲ್ಲ ಅಂತಿಲ್ಲ. ಬೈಯ್ಯಿ."

ಅವನು ಬೈಯಲಿಲ್ಲ. ತೋಳು ಇಳಿಸು ಎಂದ. ಅವಳು ಇಳಿಸಿ ತೊಡೆಯ ಮೇಲಿಟ್ಟಳು. ಕಂಬಳಿಯನ್ನು ಅವಳು ಸುಡಲಿಲ್ಲ, ಬಿಸಾಡಲೂ ಇಲ್ಲ. ಅವನಿಗೆ ಹೊದಿಸಲು ಅಷ್ಟು ಬೆಚ್ಚನೆಯದು ಇನ್ನೊಂದಿರಲಿಲ್ಲ.

ವಾರಂಟಿ ಇತ್ತು. ಆಷಾಢ ಕಳೆಯುವಷ್ಟರಲ್ಲಿ ಕಂಪನಿಯವರು ಬದಲಿ ಡಿಸ್ಕು ಕಳಿಸಿದರು. ಅದೇ ಅಳತೆ, ಅದೇ ಬಣ್ಣ, ಅದೇ ಪ್ಲಾಸ್ಟಿಕ್ ಗೂಡು. ಕಂಪನಿಯ ಲೆಕ್ಕದಲ್ಲಿ ಸಿದ್ದಕ್ಕನ ಮನೆಗೆ ಯಾವ ನಷ್ಟವೂ ಆಗಿರಲಿಲ್ಲ. ಈ ಸಲ ಅವಳು ಗದ್ದಿಗೆ ಹಾಸಲಿಲ್ಲ. ಕೈ ತೊಳೆದು ಒರೆಸಿ, ಬಳೆ ತೆಗೆದಿಟ್ಟು, ಡಬ್ಬದ ತಗಡನ್ನು ಮುಟ್ಟಿ ಮುಟ್ಟಿ, ಪಟ್ಟಿಯ ಅಂಚು ಮಾತ್ರ ಹಿಡಿದು ಕೂರಿಸಿದಳು. ತಿರುಪು ಒಂದು ಸಲವೂ ಬೀಳಲಿಲ್ಲ. ರಂಗೇಶ ಬಂದು ಆಟ ತುಂಬಿಸಿಕೊಟ್ಟು ಹೋದ.

ಅಷ್ಟರಲ್ಲಿ ತಿಮ್ಮೇಶನ ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು, ತೋರುಬೆರಳು. ಮೌಸ್ ನೂಕಲು ಅವು ಸಾಲುತ್ತಿರಲಿಲ್ಲ. ಸಿದ್ದಕ್ಕ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಮೌಸನ್ನು ತಾನೇ ಹಿಡಿದಳು. ಅವನು ಬೇಡ ಎನ್ನಲಿಲ್ಲ. ಆಟ ತೆರೆಯಿತು. ಕಣ್ಣು ಹಾಯುವವರೆಗೆ ಸಮತಟ್ಟಾದ ಹಸಿರು ನೆಲ. ಒಂದು ಕಲ್ಲೂ ಇಲ್ಲ.

"ರೊಪ್ಪದಿಂದ ಶುರು ಮಾಡಾಣ," ಎಂದಳು. "ಬಾಗಿಲು ಮೂಡಕ್ಕೆ."

"ಬಡಗಕ್ಕೆ."

"ಮೂಡಕ್ಕಲೇ. ಬೆಳಿಗ್ಗೆ ಬಿಸಿಲು ನೇರ ಮರಿಗಳ ಮ್ಯಾಲೆ ಬೀಳ್ತಿತ್ತು."

"ನಾನು ಕಟ್ಟಿದ್ದು ಬಡಗಕ್ಕೆ. ನೀನೇ ಹೇಳಿದ್ದು. ಮೂಡಕ್ಕಿಟ್ಟಿದ್ದೆ, ಕೆಡವ್ಸಿದೆ."

ಸಿದ್ದಕ್ಕ ನೆನಪಿಸಿಕೊಳ್ಳಲು ನೋಡಿದಳು. ಕೆಡವಿಸಿದ್ದು ಹೌದೇ? ಆ ಕಲ್ಲಿನ ಗೋಡೆ, ಮುಳ್ಳಿನ ತಡಿಕೆ, ಒಳಗಿನ ಹಿಕ್ಕೆಯ ವಾಸನೆ ಎಲ್ಲ ನೆನಪಿದೆ. ಬಾಗಿಲನ್ನು ನೆನೆದರೆ ಮಾತ್ರ ಕಣ್ಣಿಗೆ ಬರುವುದು ಪರದೆಯ ಮೇಲಿನ ಚೌಕದ ಬಾಗಿಲು, ಒಮ್ಮೆ ಈ ಗೋಡೆಯಲ್ಲಿ, ಒಮ್ಮೆ ಆ ಗೋಡೆಯಲ್ಲಿ.

"ನಿನಗೆ ಹೆಂಗೆ ನೆನಪೈತೆ?" ಎಂದು ಮಗನನ್ನು ಕೇಳಿದಳು.

"ನಾನು ಕಣ್ಮುಚ್ಚಿದ್ರೆ ನಾನು ಕಟ್ಟಿದ್ದೇ ಕಾಣ್ತೈತವ್ವ," ಎಂದ ತಿಮ್ಮೇಶ. "ನಿಜವಾದ್ದು ಹೆಂಗಿತ್ತೋ, ಈಗ ಬರ್ತಿಲ್ಲ. ಎಷ್ಟು ದಿನದಿಂದ ಬರ್ತಿಲ್ಲ ಅಂತಾನೂ ಗೊತ್ತಿಲ್ಲ."

ಮಾರಣ್ಣನಿಗೆ ಫೋನ್ ಮಾಡಿದರು. ಅವನ ಮಂದೆ ಆಗ ಹೊಳಲ್ಕೆರೆ ಕಡೆ ಇತ್ತು. ಆ ರೊಪ್ಪ ಬಿಟ್ಟು ಎಷ್ಟೋ ವರ್ಷವಾಯಿತು, ಬಾಗಿಲು ಯಾರಿಗೆ ನೆನಪಿರುತ್ತದೆ ಎಂದ.

ಸಿದ್ದಕ್ಕ ಮರುವಾರ ಕಾವ್ಯಶ್ರೀಗೆ ರಜೆ ಹಾಕಿಸಿ ಊರಿಗೆ ಕರೆಸಿದಳು. ತಮ್ಮನ ಹತ್ತಿರ ಮಗಳನ್ನು ಕೂರಿಸಿ, ಬುತ್ತಿ ಕಟ್ಟಿಕೊಂಡು, ಬಸ್ಸಿಳಿದು ಕರೇಕಲ್ಲು ಗುಡ್ಡದ ದಾರಿ ಹಿಡಿದಳು. ಅಷ್ಟು ವರ್ಷಗಳ ಮೇಲೆ ಅದೇ ಮೊದಲು. ಎಲ್ಲವನ್ನೂ ಚೆನ್ನಾಗಿ ನೋಡಿಕೊಂಡು ಬಂದು ಅವನಿಗೆ ಹೇಳಬೇಕು, ಒಂದು ಗಿಡವನ್ನೂ ಬಿಡಬಾರದು ಎಂದುಕೊಂಡು ನಡೆದಳು. ಹಳ್ಳ ದಾಟುವವರೆಗೆ ಹೋಗಲು ಸಾಧ್ಯವಾಯಿತು. ಅಲ್ಲಿಂದಾಚೆ ತಂತಿ ಬೇಲಿ. ಬೇಲಿಯ ಒಳಗೆ ಸೋಲಾರ್ ಹಲಗೆಗಳು ಸಾಲಾಗಿ ಬಿಸಿಲಿಗೆ ಮೈ ಒಡ್ಡಿ ನಿಂತಿದ್ದವು, ಗುಡ್ಡದ ಸೊಂಟದವರೆಗೂ. ಬಾವಿ ಇದ್ದ ಕಡೆ ತಗಡಿನ ಶೆಡ್ಡು. ಕಾವಲಿನವನು ಒಳ್ಳೆಯವನೇ. ಕುಡಿಯಲು ನೀರು ಕೊಟ್ಟ.

"ಒಳಗೆ ಬಿಡಂಗಿಲ್ಲ ಕಣಮ್ಮ. ಏನ್ ನೋಡ್ಬೇಕಾಗಿತ್ತು?"

"ಒಂದು ಬಾಗಿಲು," ಎಂದಳು ಸಿದ್ದಕ್ಕ.

ಇಲ್ಲಿ ಮನೆಯೇ ಇಲ್ಲವಲ್ಲ ಎಂದ ಅವನು. ರೊಪ್ಪದ ಕಲ್ಲುಗಳ ವಿಷಯ ಕೇಳಿದಳು. ನೆಲ ಮಟ್ಟ ಮಾಡುವಾಗ ಏನೇನೋ ಕಲ್ಲು ಎತ್ತಿ ರಸ್ತೆಗೆ ಹಾಕಿದರು, ತಾನು ಆಮೇಲೆ ಬಂದವನು ಎಂದ.

ವಾಪಸು ಬರುವ ಬಸ್ಸಿನಲ್ಲಿ ಅವಳು ಸುಳ್ಳನ್ನು ಹೊಂದಿಸಿಕೊಳ್ಳಲು ನೋಡಿದಳು. ಮೂಡಕ್ಕಿದೆ ಎಂದರೆ ಮುಗಿಯಿತು, ಅಥವಾ ಅವನು ಹೇಳಿದಂತೆ ಬಡಗಕ್ಕೇ ಇದೆ ಎಂದರೂ ಆಯಿತು. ಊರು ಬರುವವರೆಗೆ ಎರಡನ್ನೂ ಬಾಯಲ್ಲಿ ಆಡಿಸಿ ನೋಡಿದಳು. ಯಾವುದೂ ಹಿಡಿಸಲಿಲ್ಲ. ಮನೆಗೆ ಬಂದು ಕಾಲು ತೊಳೆದು, ಮಗನ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ತಿಮ್ಮೇಶ ಎಲ್ಲ ಕೇಳಿ, "ನೆತ್ತಿ ಮ್ಯಾಲಿನ ಗುಂಡು?" ಎಂದ.

"ಅಲ್ಲೀಗಂಟ ನನ್ ಕಣ್ಣು ಹೋಗ್ಲಿಲ್ಲ."

"ಹಂಗಾದ್ರೆ ಎರಡೂ ಹೋದ್ವು."

ಕಾವ್ಯಶ್ರೀ ಎದ್ದು ಒಲೆಯ ಕಡೆ ಹೋದಳು. ಸಿದ್ದಕ್ಕ ಕಂಪ್ಯೂಟರ್ ಹಾಕಿದಳು. ಹೊಸ ಡಿಸ್ಕು ಕಾಯಿಸಲಿಲ್ಲ, ಹಸಿರು ನೆಲ ತಟ್ಟನೆ ಬಂತು. ಅವಳು ಮೌಸ್ ಹಿಡಿದು ಒಂದೊಂದೇ ಕಲ್ಲಿಟ್ಟಳು. ಕೈ ಪಳಗಿರಲಿಲ್ಲ. ಗೋಡೆ ಎರಡು ಕಡೆ ಓರೆಯಾಯಿತು, ಕೆಡವಿ ಮತ್ತೆ ಇಟ್ಟಳು. ಬಾಗಿಲಿನ ಜಾಗಕ್ಕೆ ಬಂದಾಗ ನಿಲ್ಲಿಸಿದಳು.

"ಯಾವ ಕಡೆ?"

"ನೀನು ಹೇಳ್ದಂಗೇ ಇಡು."

"ನೀನು ಬಡಗ ಅಂತಿದ್ದೆ."

"ಮೂಡಕ್ಕೇ ಇಡವ್ವ."

ಅವಳು ಕಾದಳು. ಅವನು ಇನ್ನೊಂದು ಮಾತು ಆಡುತ್ತಾನೆ, ಮರಿಗಳ ಮೇಲೆ ಬಿಸಿಲು ಬೀಳುವುದನ್ನು ನೀನು ಯಾವಾಗ ಕಂಡೆ ಎಂದು ಕೇಳುತ್ತಾನೆ, ನಿನಗೆ ವಯಸ್ಸಾಯಿತು ಎಂದಾದರೂ ಹಂಗಿಸುತ್ತಾನೆ ಎಂದು ಕಾದಳು. ಅವನು ಕೇಳಲಿಲ್ಲ. ಮೂಡಕ್ಕೆ ಬಾಗಿಲು ಬಿಟ್ಟು ಗೋಡೆ ಮುಗಿಸಿದಳು.

"ಸರಿ ಐತೇನೋ?"

"ಸರಿ ಐತೆ."

ತಿರುಗಿ ನೋಡಿದರೆ ಅವನ ಕಣ್ಣು ಮುಚ್ಚಿದ್ದವು.

ತಿಮ್ಮೇಶ ಆ ವರ್ಷದ ಮಾಗಿಯಲ್ಲಿ ತೀರಿಕೊಂಡ. ಕಾಯಿಲೆ ಎದೆಗೆ ಇಳಿದಿತ್ತು. ಹೋಗುವವರೆಗೂ ಫೋನಿನಲ್ಲಿ ಕ್ರಿಕೆಟ್ ನೋಡಿದ, ಅಕ್ಕನನ್ನು ರೇಗಿಸಿದ, ಗುಡ್ಡದ ಮಾತು ಎತ್ತಲಿಲ್ಲ. ಸಿದ್ದಕ್ಕನೂ ಆ ಒಂದು ರೊಪ್ಪದಿಂದಾಚೆಗೆ ಏನನ್ನೂ ಕಟ್ಟಲಿಲ್ಲ.